ಉಪ್ಪುಗಾಳಿ, ಕೆಂಪು ಕೆಸರು, ಆಫೀಸಿನ ದಾರಿ: ಕಾರವಾರದ ಕಡೆಯವರು ಹೈಬ್ರಿಡ್ ಸೈಕಲ್ ಆರಿಸೋದು ಹೇಗೆ

ಜೂನ್ ತಿಂಗಳು. ಬೆಳಿಗ್ಗೆ ಮಳೆ ನಿಂತಿತ್ತು, ರಸ್ತೆ ಮಾತ್ರ ಒದ್ದೆ. ರೇನ್‌ಕೋಟು ಬೇಡ ಅಂತ ಸದಾಶಿವಗಡದಿಂದ ಸೈಕಲ್ ಹತ್ತಿದೆ, ಕಾಳಿ ನದಿಯ ಸೇತುವೆ ದಾಟಿದೆ, ಕೋಡಿಬಾಗ ಮೇಲೆ ಆಫೀಸು ಮುಟ್ಟಿದೆ. ಒಳಗೆ ಕಾಲಿಡುತ್ತಿದ್ದ ಹಾಗೆ ಅಟೆಂಡರ್ ಕೇಳಿದ, "ಸಾರ್, ಬೆನ್ನಿಗೆ ಏನಾಯ್ತು?" ತಿಳಿ ನೀಲಿ ಅಂಗಿ ಮೇಲೆ ಸೊಂಟದಿಂದ ಕುತ್ತಿಗೆವರೆಗೆ ಕೆಂಪು ಕೆಸರಿನ ಪಟ್ಟೆ, ಸ್ಕೇಲ್ ಇಟ್ಟು ಎಳೆದ ಹಾಗೆ. ಅವತ್ತು ಇಡೀ ದಿನ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದೆ.

ಆ ಸೈಕಲ್ಲಿಗೆ 21 ಗೇರ್ ಇತ್ತು, ಮುಂದಿನ ಚಕ್ರ ಹಿಡಿಯುವ ಕವಲಿಗೆ ಸ್ಪ್ರಿಂಗ್ ಇರುವ ಫೋರ್ಕ್ ಇತ್ತು, ಟ್ರ್ಯಾಕ್ಟರ್ ಟೈರಿನಂಥ ದಪ್ಪ ಹಲ್ಲಿನ ಟೈರ್ ಇತ್ತು. ಮಡ್‌ಗಾರ್ಡ್ ಇರಲಿಲ್ಲ. ಹಾಕಿಸೋಣ ಅಂದರೆ ಫ್ರೇಮಿನಲ್ಲಿ ಸ್ಕ್ರೂ ಹಾಕಲಿಕ್ಕೆ ತೂತೇ ಇಲ್ಲ. ಚೌತಿ ಹೊತ್ತಿಗೆ ಫೋರ್ಕ್ ತುಕ್ಕು ಹಿಡಿದು ಬಿಗಿದುಕೊಂಡಿತ್ತು. ಎರಡನೇ ಮಳೆಗಾಲ ಮುಗಿದ ಮೇಲೆ ಅರ್ಧಕ್ಕಿಂತ ಕಡಿಮೆ ದುಡ್ಡಿಗೆ ಮಾರಿದೆ. ಈಗ ಇರೋದು ಹೈಬ್ರಿಡ್, ನಾಲ್ಕು ಮಳೆಗಾಲ ಕಂಡಿದೆ, ಇನ್ನೂ ಗಟ್ಟಿ ಇದೆ. ಆರಿಸುವಾಗ ಅಂಗಡಿಯವರು ಏನು ತೋರಿಸುತ್ತಾರೆ ಅನ್ನೋದಕ್ಕಿಂತ ನಮ್ಮ ಕರಾವಳಿ ಸೈಕಲ್ಲಿಗೆ ಏನು ಮಾಡ್ತದೆ ಅಂತ ನೋಡಿದೆ, ಅಷ್ಟೇ ವ್ಯತ್ಯಾಸ.

ಹೈಬ್ರಿಡ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ರೇಸ್ ಸೈಕಲ್ಲಿನ ಹಾಗೆ ದೊಡ್ಡ ಚಕ್ರ, ಗುಡ್ಡ ಹತ್ತುವ ಸೈಕಲ್ಲಿನ ಹಾಗೆ ನೇರ ಹ್ಯಾಂಡಲ್, ಟೈರ್ ಎರಡರ ನಡುವಿನ ದಪ್ಪ. ಬೆನ್ನು ಪೂರ್ತಿ ಬಗ್ಗಿಸಬೇಕಿಲ್ಲ, ಟ್ರಾಫಿಕ್ಕಿನಲ್ಲಿ ತಲೆ ಎತ್ತಿ ನೋಡಬಹುದು. ದಿನಾ ಐದರಿಂದ ಹದಿನೈದು ಕಿಲೋಮೀಟರ್ ಹೋಗಿ ಬರುವವರಿಗೆ ಸರಿಯಾದ ಜಾತಿ ಇದು.

ಮೊದಲು ದಾರಿ ಬರೆದುಕೊಳ್ಳಿ

ಅಂಗಡಿಗೆ ಹೋಗುವ ಮೊದಲು ಒಂದು ಕಾಗದ ತಗೊಳ್ಳಿ. ಮನೆಯಿಂದ ಆಫೀಸಿಗೆ ಎಷ್ಟು ದೂರ, ಏರು ಎಲ್ಲಿದೆ, ಹೊಂಡ ಎಲ್ಲಿದೆ, ಹೈವೇ ಮೇಲೆ ಎಷ್ಟು ಹೊತ್ತು ಇರ್ತೀರಿ, ಸೈಕಲ್ ಎಲ್ಲಿ ನಿಲ್ಲಿಸ್ತೀರಿ, ನೆರಳು ಇದೆಯಾ, ಮಳೆ ಬೀಳುತ್ತಾ. ಇಷ್ಟು ಬರೆದರೆ ಅರ್ಧ ಕೆಲಸ ಆಯ್ತು.

ಕಾರವಾರ ಪೇಟೆ ಒಳಗೆ, ಕಾಜುಬಾಗ, ಹಬ್ಬುವಾಡ, ಶಿರವಾಡದ ಸ್ಟೇಶನ್ ಕಡೆ ಓಡಾಡುವವರಿಗೆ ಏರು ಅನ್ನೋದು ಹೆಚ್ಚೂಕಡಿಮೆ ಇಲ್ಲ. ಬಿಣಗಾ, ಅರಗಾ ಕಡೆಯವರಿಗೆ ನಡುವೆ ಗುಡ್ಡ ಇದೆ, ಸುರಂಗ ಇದೆ. ನನ್ನ ಹಾಗೆ ಕಾಳಿ ದಾಟುವವರಿಗೆ ಏರಲ್ಲ, ಗಾಳಿ. ಸೇತುವೆ ದಕ್ಷಿಣೋತ್ತರ, ಗಾಳಿ ಪಡುವಣದಿಂದ, ಹಾಗಾಗಿ ಸಂಜೆ ಹೊತ್ತು ಸಮುದ್ರದ ಗಾಳಿ ನೇರ ಪಕ್ಕೆಗೆ ಹೊಡೆಯುತ್ತೆ. 2024ರ ಆಗಸ್ಟ್‌ನಲ್ಲಿ ಹಳೇ ಸೇತುವೆ ಕುಸಿದು ಬಿದ್ದ ಮೇಲೆ ಹೋಗೋ ಬರೋ ಲಾರಿ ಎಲ್ಲಾ ಹೊಸ ಸೇತುವೆ ಮೇಲೇ ಬಂದವು. ಪಕ್ಕದಲ್ಲಿ ಲಾರಿ ಹೋದ ಕ್ಷಣ ಗಾಳಿ ತಡೆಯುತ್ತೆ, ಅದು ದಾಟಿದ ಕೂಡಲೇ ಮತ್ತೆ ತಳ್ಳುತ್ತೆ. ಸೈಕಲ್ ಆ ಕಡೆ ಈ ಕಡೆ ಎರಡಡಿ ಓಲಾಡುತ್ತೆ. ಅಗಲವಾದ ನೇರ ಹ್ಯಾಂಡಲ್ ಬೇಕು ಅನ್ನೋದು ಇಂಥಲ್ಲಿ. ತೆಳ್ಳಗಿನ ಟೈರು, ಬಗ್ಗಿದ ಹ್ಯಾಂಡಲ್ಲಿನ ರೇಸ್ ಸೈಕಲ್ ನೋಡಲಿಕ್ಕೆ ಚಂದ, ಇಲ್ಲಿ ಬೇಡ.

ಘಟ್ಟದ ಮೇಲಿನ ಶಿರಸಿ ಕಡೆಯವರ ಲೆಕ್ಕ ಬೇರೆ. ನನ್ನ ಭಾವ ಅಲ್ಲೇ ಇದ್ದಾನೆ. ಅವನ ದಾರಿಯಲ್ಲಿ ಹತ್ತೋದು ಇಳಿಯೋದು ಬಿಟ್ಟರೆ ಬೇರೇನೂ ಇಲ್ಲ. ಉಪ್ಪುಗಾಳಿ ಇಲ್ಲ, ಆದರೆ ಮಳೆ ನಮಗಿಂತ ಕಡಿಮೆ ಅಂತ ಅವನು ಒಪ್ಪೋದಿಲ್ಲ. ಅವನ ವಿಷಯ ಗೇರಿನ ಹತ್ತಿರ ಹೇಳ್ತೇನೆ.

ತೂತು ಇದೆಯಾ ನೋಡಿ

ನಗಬೇಡಿ. ಬ್ರಾಂಡು, ಬಣ್ಣ, ಗೇರು ಎಲ್ಲಾ ಆಮೇಲೆ. ಅಂಗಡಿಯಲ್ಲಿ ಮೊದಲು ಸೈಕಲ್ ಹಿಂದೆ ಕುಕ್ಕರಗಾಲಲ್ಲಿ ಕೂತುಕೊಳ್ಳಿ. ಹಿಂದಿನ ಚಕ್ರದ ಅಚ್ಚಿನ ಹತ್ತಿರ ಫ್ರೇಮಿನಲ್ಲಿ ಸ್ಕ್ರೂ ಹಾಕುವ ತೂತು ಎರಡೂ ಬದಿಗೆ ಇರಬೇಕು. ಎರಡೆರಡು ಇದ್ದರೆ ಇನ್ನೂ ಒಳ್ಳೇದು, ಒಂದು ಮಡ್‌ಗಾರ್ಡಿಗೆ, ಒಂದು ಕ್ಯಾರಿಯರಿಗೆ. ಸೀಟಿನ ಕೆಳಗೆ ಒಂದು ಜೊತೆ ಬೇಕು. ಮುಂದೆ ಫೋರ್ಕಿನ ತುದಿಗೂ ಬೇಕು. ಟೈರಿಗೂ ಫ್ರೇಮಿಗೂ ನಡುವೆ ಒಂದು ಬೆರಳು ಸಲೀಸಾಗಿ ಹೋಗುವಷ್ಟು ಜಾಗ ಇರಬೇಕು, ಇಲ್ಲದಿದ್ದರೆ ಮಡ್‌ಗಾರ್ಡ್ ಹಾಕಿದ ಮೇಲೆ ಕೆಸರು ತುಂಬಿ ಚಕ್ರವೇ ತಿರುಗೋದಿಲ್ಲ.

ಸೀಟಿನ ಕಂಬಕ್ಕೆ ಬಾಲದ ಹಾಗೆ ಸಿಕ್ಕಿಸುವ ಪ್ಲಾಸ್ಟಿಕ್ ಮಡ್‌ಗಾರ್ಡ್ ಕೊಡ್ತಾರೆ. ಅದು ಇದ್ದೂ ಇಲ್ಲದ ಹಾಗೆ. ಚಕ್ರವನ್ನು ಅರ್ಧ ಸುತ್ತಾದರೂ ಮುಚ್ಚುವ ಪೂರಾ ಉದ್ದದ್ದು ಬೇಕು. ಮುಂದಿನದ್ದಕ್ಕೆ ಕೆಳಗೆ ರಬ್ಬರಿನ ತುಂಡೊಂದು ನೇತುಹಾಕಿ, ಹಳೇ ಟ್ಯೂಬ್ ಕತ್ತರಿಸಿ ಹಾಕಿದರೂ ಆಯ್ತು. ಶೂ ಮತ್ತು ಚೈನು ಎರಡೂ ಉಳೀತವೆ.

ಕ್ಯಾರಿಯರ್ ಬೇಡ, ಬೆನ್ನಿಗೆ ಬ್ಯಾಗ್ ಹಾಕ್ತೇನೆ ಅನ್ನುವವರು ಏಪ್ರಿಲ್ ತಿಂಗಳಲ್ಲಿ ಒಂದು ವಾರ ಹಾಗೆ ಹೋಗಿ ನೋಡಿ. ಬೆನ್ನು ಬೆವರಿ ಅಂಗಿ ಹಿಂಡುವ ಹಾಗಾಗುತ್ತೆ. ಲ್ಯಾಪ್‌ಟಾಪು, ಊಟದ ಡಬ್ಬಿ ಎಲ್ಲಾ ಕ್ಯಾರಿಯರಿನ ಪಕ್ಕದ ಚೀಲಕ್ಕೆ ಹಾಕಿ. ಸಂಜೆ ಮೀನುಪೇಟೆಯಿಂದ ಬಂಗಡೆ ತರೋದಿದ್ದರೆ ಅದನ್ನು ಮಾತ್ರ ಚೈನಿಲ್ಲದ ಎಡಗಡೆ ಚೀಲಕ್ಕೆ ಹಾಕಿ. ಬಲಗಡೆ ಹಾಕಿ ಉಪ್ಪುನೀರು ಗೇರಿನ ಮೇಲೆ ತೊಟ್ಟಿಕ್ಕಿಸಿಕೊಂಡು ಬಂದ ಅನುಭವದಿಂದ ಹೇಳ್ತಿದ್ದೇನೆ.

ಸೈಜು

ಇದರಲ್ಲಿ ರಾಜಿ ಬೇಡ. ಎರಡು ಕಾಲಿನ ನಡುವೆ ಸೈಕಲ್ಲಿನ ಮೇಲಿನ ಪೈಪು ಇರುವ ಹಾಗೆ ಎರಡೂ ಪಾದ ಪೂರ್ತಿ ನೆಲಕ್ಕೂರಿ ನಿಂತುಕೊಳ್ಳಿ. ಪೈಪಿಗೂ ನಿಮಗೂ ಎರಡು ಮೂರು ಸೆಂಟಿಮೀಟರ್ ಅಂತರ ಇರಬೇಕು. ಆಮೇಲೆ ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಪೆಡಲ್ ಪೂರ್ತಿ ಕೆಳಗೆ ತನ್ನಿ, ಕಾಲು ನೆಟ್ಟಗಾಗಬೇಕು. ತುಳಿಯುವಾಗ ಪಾದದ ಮುಂಭಾಗ ಪೆಡಲ್ ಮೇಲಿರುತ್ತೆ, ಆಗ ಮಂಡಿ ಸ್ವಲ್ಪ ಮಡಚಿದ ಹಾಗಿರುತ್ತೆ, ಅದೇ ಸರಿ. ನಮ್ಮಲ್ಲಿ ಸೀಟಿನ ಮೇಲೆ ಕೂತೇ ಎರಡೂ ಕಾಲು ನೆಲಕ್ಕೆ ತಾಗಬೇಕು ಅಂತ ಸೀಟು ಇಳಿಸಿಕೊಳ್ಳುವವರೇ ಜಾಸ್ತಿ. ತಿಂಗಳಲ್ಲಿ ಮಂಡಿ ನೋವು ಶುರುವಾದರೆ ಸೈಕಲ್ಲನ್ನು ಬಯ್ಯಬೇಡಿ.

ಮೀಡಿಯಂ, ಲಾರ್ಜ್ ಅನ್ನೋದು ಕಂಪನಿಯಿಂದ ಕಂಪನಿಗೆ ಬದಲಾಗುತ್ತೆ. ಹತ್ತಿ ನೋಡದೆ ತಗೊಳ್ಳಬೇಡಿ. "ಸೀಟು ಏರಿಸಿದ್ರೆ ಆಯ್ತು ಸಾರ್" ಅಂತ ಸ್ಟಾಕಿನಲ್ಲಿ ಉಳಿದ ಸೈಜನ್ನು ದಾಟಿಸುವವರು ಇದ್ದಾರೆ. ಸೀಟು ಏರುತ್ತೆ, ಹ್ಯಾಂಡಲ್ಲಿನ ದೂರ ಏರೋದಿಲ್ಲ.

ಗೇರು: 21 ಅಂದರೆ 21 ಅಲ್ಲ

ಮುಂದೆ ಪೆಡಲ್ ಹತ್ತಿರ ಮೂರು ಹಲ್ಲುಚಕ್ರ, ಹಿಂದೆ ಏಳು, ಗುಣಿಸಿದರೆ 21. ಅದರಲ್ಲಿ ಸುಮಾರಷ್ಟು ಒಂದರ ಮೇಲೊಂದು ಬರ್ತವೆ, ಕೆಲವನ್ನು ಬಳಸಿದರೆ ಚೈನು ಓರೆಯಾಗಿ ಕಿರ್ರ್ ಅನ್ನುತ್ತೆ. ಎಷ್ಟು ಗೇರು ಅಂತ ಕೇಳಬೇಡಿ, ಹಲ್ಲು ಎಷ್ಟು ಅಂತ ಕೇಳಿ.

ಲೆಕ್ಕ ಸುಲಭ. ಮುಂದಿನ ಹಲ್ಲುಚಕ್ರದ ಹಲ್ಲನ್ನು ಹಿಂದಿನದ್ದರಿಂದ ಭಾಗಿಸಿ. ಬಂದ ಉತ್ತರ, ಪೆಡಲ್ ಒಂದು ಸುತ್ತು ತುಳಿದರೆ ಹಿಂದಿನ ಚಕ್ರ ಎಷ್ಟು ಸುತ್ತು ತಿರುಗುತ್ತೆ ಅನ್ನೋದು. ಹೈಬ್ರಿಡ್ ಚಕ್ರದ ಒಂದು ಸುತ್ತಿಗೆ ಸುಮಾರು 2.2 ಮೀಟರ್ ದೂರ. ಮುಂದೆ 38, ಹಿಂದೆ 18 ಹಾಕಿದರೆ ಒಂದು ತುಳಿತಕ್ಕೆ ನಾಲ್ಕೂವರೆ ಮೀಟರಿಗೆ ಸ್ವಲ್ಪ ಮೇಲೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 16 ಕಿಲೋಮೀಟರ್ ದಾಟುತ್ತೆ. ಕಾರವಾರದ ಸಪಾಟು ರಸ್ತೆಗೆ ಬೆವರದೆ ಹೋಗಲಿಕ್ಕೆ ಇದೇ ಹದ. ನಾನು ದಿನಾ ಬಳಸೋದು ಇದರ ಆಚೀಚಿನ ಮೂರೋ ನಾಲ್ಕೋ ಗೇರು ಮಾತ್ರ. ಮುಂದೆ ಒಂದೇ ಹಲ್ಲುಚಕ್ರ, ಹಿಂದೆ ಎಂಟು ಇರುವ ಸೈಕಲ್ ಸಿಕ್ಕರೆ ಕಣ್ಣುಮುಚ್ಚಿ ತಗೊಳ್ಳಿ, ಎಡಗೈ ಗೇರಿನ ಗೋಜೇ ಇಲ್ಲ, ತುಕ್ಕು ಹಿಡಿಯುವ ಕೇಬಲ್ ಒಂದು ಕಡಿಮೆ.

ಶಿರಸಿಗೆ ಇದು ಸಾಲದು. ಭಾವ ಮೊದಲು ತಗೊಂಡದ್ದರಲ್ಲಿ ಮುಂದಿನ ಚಿಕ್ಕ ಹಲ್ಲುಚಕ್ರ 28, ಹಿಂದಿನ ದೊಡ್ಡದು 28, ಅಂದರೆ ಒಂದಕ್ಕೊಂದು. ಮನೆ ಹತ್ತಿರದ ಏರಿನಲ್ಲಿ ದಿನಾ ಇಳಿದು ನೂಕುತ್ತಿದ್ದ. ಹಿಂದೆ 34 ಹಲ್ಲು ಇರುವ ಫ್ರೀವೀಲ್, ಅಂದರೆ ಹಿಂದಿನ ಹಲ್ಲುಚಕ್ರಗಳ ಗೊಂಚಲು, ಹಾಕಿಸಿದ. 28ನ್ನು 34ರಿಂದ ಭಾಗಿಸಿದರೆ 0.82. ನಿಧಾನ, ಆದರೆ ಕೂತೇ ಹತ್ತುತ್ತಾನೆ. ಘಟ್ಟದ ಮೇಲಿನವರು ಹಿಂದೆ 34 ಇದೆಯಾ ಅಂತ ಮೊದಲೇ ಕೇಳಿ.

ಇನ್ನೊಂದು ಸಣ್ಣ ವಿಷಯ. ಹಿಂದಿನ ಗೇರು ಎರಡು ಥರ ಬರುತ್ತೆ. ತಿರುಪಿನ ಫ್ರೀವೀಲ್ ಒಂದು, ಚಕ್ರದ ನಡುವಿನ ಹಬ್‌ಗೆ ತೊಡಿಸುವ ಕ್ಯಾಸೆಟ್ ಇನ್ನೊಂದು. ಅಗ್ಗದ ಏಳು ಗೇರಿನದ್ದು ಹೆಚ್ಚಾಗಿ ಫ್ರೀವೀಲ್. ಇದರಲ್ಲಿ ಬಲಗಡೆ ಬೇರಿಂಗ್ ಒಳಗೆ ಸರಿದಿರುತ್ತೆ, ಹಾಗಾಗಿ ಭಾರ ಬಿದ್ದು ಹೊಂಡಕ್ಕೆ ಇಳಿದಾಗ ಅಚ್ಚು ಬಗ್ಗುವ ಸಾಧ್ಯತೆ ಜಾಸ್ತಿ. ದಪ್ಪ ಇರುವವರು, ಕ್ಯಾರಿಯರ್ ಮೇಲೆ ಸಾಮಾನು ಹೇರುವವರು ಎಂಟು ಗೇರಿನ ಕ್ಯಾಸೆಟ್ ಇರುವುದನ್ನೇ ನೋಡಿ. ಶಿಮಾನೊ ಕಂಪನಿಯ ಗೇರಿನಲ್ಲಿ ಟೂರ್ನಿಗಿಂತ ಆಲ್ಟಸ್ ಒಂದು ಮೆಟ್ಟಿಲು ಮೇಲೆ, ದಿನದ ಓಡಾಟಕ್ಕೆ ಅಲ್ಲಿಗೆ ಸಾಕು.

ಸ್ಪ್ರಿಂಗ್ ಫೋರ್ಕ್ ಬೇಡ

ನಾವು ನೋಡುವ 15ರಿಂದ 30 ಸಾವಿರದ ಸೈಕಲ್ಲಿನಲ್ಲಿ ಸಿಗುವ ಸ್ಪ್ರಿಂಗ್ ಫೋರ್ಕ್ ಭಾರ ಜಾಸ್ತಿ, ಹತ್ತುವಾಗ ನಿಮ್ಮ ಶಕ್ತಿ ತಿನ್ನುತ್ತೆ, ಮಳೆಗಾಲದಲ್ಲಿ ಒಳಗೆ ನೀರು ಇಳಿದು ಕೆಟ್ಟು ಹೋಗುತ್ತೆ. ಹೊಂಡಕ್ಕೆ ಔಷಧ ಟೈರಿನಲ್ಲಿದೆ.

ಟೈರು, ಮತ್ತೆ ಆ 28ರ ಗೊಂದಲ

ದಪ್ಪ 35ರಿಂದ 40 ಮಿಲಿಮೀಟರ್ ಇರಲಿ. ಮೇಲೆ ದೊಡ್ಡ ಹಲ್ಲು ಬೇಡ, ಡಾಂಬರಿನ ಮೇಲೆ ಗುಂಯ್ ಅನ್ನುತ್ತೆ ಅಷ್ಟೇ. ಗಾಳಿಯ ಒತ್ತಡ ಎಷ್ಟು ಪಿಎಸ್‌ಐ ಅಂತ ಟೈರಿನ ಬದಿಗೆ ಬರೆದಿರುತ್ತೆ. ಅದರಲ್ಲಿ ಕೊಟ್ಟ ಮೇಲಿನ ಮಿತಿವರೆಗೆ ತುಂಬಬೇಕಿಲ್ಲ. ನನ್ನ 70 ಕೆಜಿಗೆ 38ರ ಟೈರಿನಲ್ಲಿ 50 ಪಿಎಸ್‌ಐ ಹಿಂದೆ, 45 ಮುಂದೆ ಇಡ್ತೇನೆ, ಹೊಂಡ ಗೊತ್ತಾಗುತ್ತೆ, ಸೊಂಟಕ್ಕೆ ತಾಗೋದಿಲ್ಲ.

ಈಗ ಗೊಂದಲದ ವಿಷಯ. ಅಪ್ಪನ ಕಾಲದ ದೊಡ್ಡ ಕರಿ ಸೈಕಲ್ಲಿಗೂ 28 ಇಂಚಿನ ಟೈರು, ಹೈಬ್ರಿಡ್ಡಿಗೂ 28 ಇಂಚು ಅಂತಲೇ ಬರೆದಿರುತ್ತೆ. ಎರಡೂ ಒಂದಲ್ಲ! ಹಳೇ ಸೈಕಲ್ಲಿನ ರಿಮ್ 635 ಮಿಲಿಮೀಟರ್, ಹೈಬ್ರಿಡ್ಡಿನ 700ಸಿ ಅನ್ನುವ ಅಳತೆಯ ರಿಮ್ 622. ಹದಿಮೂರು ಮಿಲಿಮೀಟರ್ ವ್ಯತ್ಯಾಸ, ಟೈರು ಕೂರೋದಿಲ್ಲ. ನಾನು ಇದನ್ನು ಕಲಿತದ್ದು ಒಂದು ಶನಿವಾರ ಸಂಜೆ, ಅಂಗಡಿ ಮುಚ್ಚುವ ಹೊತ್ತಿಗೆ "28" ಅಂತ ಕೇಳಿ ತಂದ ಟೈರನ್ನು ಮನೆ ಜಗಲಿ ಮೇಲೆ ಅರ್ಧ ತಾಸು ಗುದ್ದಾಡಿದ ಮೇಲೆ. ಟೈರಿನ ಬದಿಗೆ "38-622" ಅಂತ ಸಣ್ಣಕ್ಕೆ ಬರೆದಿರುತ್ತೆ, ಅದರ ಫೋಟೋ ಮೊಬೈಲಿನಲ್ಲಿ ಇಟ್ಟುಕೊಳ್ಳಿ, ಅದನ್ನೇ ತೋರಿಸಿ. ಕಾರವಾರ, ಅಂಕೋಲಾ, ಕುಮಟಾದಲ್ಲಿ ಆ ಹೊತ್ತಿಗೆ ಸಿಗದೆ ಇರಬಹುದು, ಒಂದು ಟ್ಯೂಬು ಮನೆಯಲ್ಲಿ ಇರಲಿ.

ವಾಲ್ವ್ ಬೈಕಿನ ಥರದ ದಪ್ಪದ್ದೇ ಇರಲಿ. ಪೆಟ್ರೋಲ್ ಬಂಕಿನಲ್ಲಿ ಗಾಳಿ ಹಾಕಿಸಬಹುದು. ತೆಳ್ಳಗೆ ಉದ್ದ ಇರುವ ವಾಲ್ವಿಗೆ ಬೇರೆ ಪಂಪು ಬೇಕು.

ಬ್ರೇಕು

ರಿಮ್ಮಿಗೆ ರಬ್ಬರ್ ಒತ್ತುವ ವಿ-ಬ್ರೇಕ್ ಬೇಸಿಗೆಯಲ್ಲಿ ಚೆನ್ನಾಗಿರುತ್ತೆ. ಮಳೆಯಲ್ಲಿ ರಿಮ್ಮಿನ ನೀರು ಒರೆಸಿದ ಮೇಲೆ ಹಿಡಿಯುತ್ತೆ, ಅಷ್ಟರಲ್ಲಿ ಎರಡು ಮಾರು ಮುಂದೆ ಹೋಗಿರ್ತೀರಿ. ಕೆಂಪು ಕೆಸರಿನ ಮರಳು ರಬ್ಬರಿಗೆ ಅಂಟಿ ರಿಮ್ಮನ್ನೇ ತೇಯುತ್ತೆ. ಚಕ್ರದ ನಡುವಿನ ತಟ್ಟೆಯನ್ನು ಹಿಡಿಯುವ ಡಿಸ್ಕ್ ಬ್ರೇಕ್ ಮೇಲು. ಅದರಲ್ಲಿ ಎಣ್ಣೆಯ ಹೈಡ್ರಾಲಿಕ್ ಬೆಣ್ಣೆಯ ಹಾಗೆ ಹಿಡಿಯುತ್ತೆ ನಿಜ, ಆದರೆ ಗಾಳಿ ಸೇರಿಕೊಂಡರೆ ಬಿಚ್ಚಿ ಸರಿ ಮಾಡುವವರು ನಿಮ್ಮ ಊರಿನಲ್ಲಿ ಇದ್ದಾರಾ ಅಂತ ಮೊದಲು ವಿಚಾರಿಸಿ. ಇಲ್ಲದಿದ್ದರೆ ಹುಬ್ಬಳ್ಳಿಗೋ ಗೋವಾಕ್ಕೋ ಸೈಕಲ್ ಹೊತ್ತುಕೊಂಡು ಹೋಗಬೇಕು. ನಾನು ಕೇಬಲ್ ಡಿಸ್ಕೇ ಆರಿಸಿದೆ. ಮಳೆಗಾಲದ ಮೊದಲು ಕೇಬಲ್ ಬದಲಿಸಿದರೆ ವರ್ಷ ತಳ್ಳುತ್ತೆ. ಡಿಸ್ಕಿನ ತಟ್ಟೆಗೆ ಮಾತ್ರ ಎಣ್ಣೆ ತಾಗಿಸಬೇಡಿ. ತಾಗಿದರೆ ಬ್ರೇಕ್ ಹಿಡಿಯೋದು ಬಿಟ್ಟು ಕೂಗುತ್ತೆ.

ತುಕ್ಕಿನ ಪರೀಕ್ಷೆ, ಅಯಸ್ಕಾಂತ ಒಯ್ಯಿರಿ

ನಮ್ಮ ಕಡೆ ಇದೇ ದೊಡ್ಡ ವಿಷಯ. ಪೇಟೆಯ ಹಳೇ ಮೆಕ್ಯಾನಿಕ್ ಒಬ್ಬರು ನನ್ನ ಮೊದಲ ಸೈಕಲ್ಲನ್ನು ಬೋರಲು ಹಾಕಿ, ಕಡ್ಡಿಗಳ ಮೇಲೆ ಉಗುರಿನಿಂದ ಕೆರೆದು ಹೇಳಿದ್ದರು, "ತಮಾ, ಇದು ಬೆಂಗಳೂರಲ್ಲಿ ಐದು ವರ್ಷ ಬರ್ತದೆ. ಇಲ್ಲಿ ಎರಡು ಮಳೆಗಾಲ." ಲೆಕ್ಕ ಸರಿಯಾಗಿಯೇ ಇತ್ತು.

ಫ್ರೇಮ್ ಅಲ್ಯೂಮಿನಿಯಂ ಇರಲಿ. ಕಬ್ಬಿಣದ್ದು ಗಟ್ಟಿ, ಆದರೆ ಪೈಪಿನ ಒಳಗಿಂದ ತುಕ್ಕು ಹಿಡಿಯುತ್ತೆ, ಹೊರಗೆ ಕಾಣುವ ಹೊತ್ತಿಗೆ ತಡವಾಗಿರುತ್ತೆ. ಅಲ್ಯೂಮಿನಿಯಂ ಕೆಂಪು ತುಕ್ಕು ಹಿಡಿಯೋದಿಲ್ಲ, ಬಣ್ಣ ಎದ್ದ ಕಡೆ ಬಿಳಿ ಪುಡಿ ಬರುತ್ತೆ, ಅದಕ್ಕೆ ಹೆದರಬೇಕಿಲ್ಲ. ಹೆದರಬೇಕಾದ್ದು ಸೀಟಿನ ಕಂಬಕ್ಕೆ. ಫ್ರೇಮಿನೊಳಗೆ ಕಂಬ ಗ್ರೀಸಿಲ್ಲದೆ ಒಣಗಿ ಕೂತಿದ್ದರೆ, ಅದರಲ್ಲೂ ಕಂಬ ಉಕ್ಕಿನದ್ದಾಗಿ ಫ್ರೇಮ್ ಅಲ್ಯೂಮಿನಿಯಂ ಆಗಿದ್ದರೆ, ಉಪ್ಪು ನೀರು ಸೇರಿ ಎರಡೂ ಬೆಸುಗೆ ಹಾಕಿದ ಹಾಗೆ ಅಂಟಿಕೊಳ್ಳುತ್ತೆ. ಆಮೇಲೆ ಗರಗಸವೇ ಗತಿ. ಕೊಂಡ ದಿನವೇ ಅಂಗಡಿಯಲ್ಲಿ ಕಂಬ ಎತ್ತಿಸಿ ಗ್ರೀಸ್ ಹಚ್ಚಿಸಿ, ಆರು ತಿಂಗಳಿಗೊಮ್ಮೆ ನೀವೇ ಹಚ್ಚಿ.

ಕಡ್ಡಿಗಳಿಗೆ ಅಯಸ್ಕಾಂತ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಚಿಕ್ಕದ್ದು ಕಿಸೆಯಲ್ಲಿ ಇಟ್ಟುಕೊಂಡು ಹೋಗಿ. ಕಡ್ಡಿಗೆ ಟಪ್ ಅಂತ ಗಟ್ಟಿಯಾಗಿ ಅಂಟಿಕೊಂಡರೆ ಅದು ಸತುವಿನ ಲೇಪದ ಮಾಮೂಲಿ ಉಕ್ಕು. ಅಂಟದೆ ಜಾರಿದರೆ, ಅಥವಾ ಅಂಟಿಯೂ ಅಂಟದ ಹಾಗಿದ್ದರೆ ಸ್ಟೇನ್‌ಲೆಸ್. ಅಂಗಡಿಯವರು ನಿಮ್ಮನ್ನು ವಿಚಿತ್ರವಾಗಿ ನೋಡ್ತಾರೆ, ನೋಡಲಿ. ಬೋಲ್ಟುಗಳಿಗೂ ಹೀಗೇ ಮಾಡಿ. ಅವು ಮಾಮೂಲಿ ಉಕ್ಕಿನದ್ದಾದರೆ ಚಿಂತೆ ಇಲ್ಲ, ಹಾರ್ಡ್‌ವೇರ್ ಅಂಗಡಿಯಲ್ಲಿ ಸ್ಟೇನ್‌ಲೆಸ್ ತಂದು ಒಂದೊಂದಾಗಿ ಬದಲಿಸಬಹುದು.

ದುಡ್ಡು

ಗೇರಿನ ಒಳ್ಳೇ ಹೈಬ್ರಿಡ್‌ಗಳು ಹೆಚ್ಚೂಕಡಿಮೆ 15ರಿಂದ 30 ಸಾವಿರದ ನಡುವೆ ಬರ್ತವೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಿದೆ, ಹಳೇ ಬೆಲೆಪಟ್ಟಿ ತೋರಿಸಿದರೆ ಕೇಳಿ. ಕೈಯಲ್ಲಿ 20 ಸಾವಿರ ಇದ್ದರೆ 16ರದ್ದು ತಗೊಂಡು ಉಳಿದದ್ದನ್ನು ಮಡ್‌ಗಾರ್ಡ್, ಕ್ಯಾರಿಯರ್, ಬೀಗ, ಹೆಲ್ಮೆಟ್ಟು, ಮುಂದೆ ಹಿಂದೆ ಲೈಟಿಗೆ ಇಡಿ. ಹಿಂದಿನ ಕೆಂಪು ಲೈಟು ಹೈವೇ ಮೇಲೆ ಹಗಲು ಮಳೆಯಲ್ಲೂ ಉರಿಯುತ್ತಿರಬೇಕು. ಸುರಂಗದ ದಾರಿಯವರಂತೂ ಎರಡು ಲೈಟಿಲ್ಲದೆ ಹೋಗಲೇಬೇಡಿ. ಬೀಸಣಿಗೆಯಂಥ ದೊಡ್ಡ ಪೊಂಚೊ ರೇನ್‌ಕೋಟ್ ತಗೊಳ್ಳಬೇಡಿ, ಸೇತುವೆ ಮೇಲೆ ಅದು ದೋಣಿಯ ಹಾಯಿಯಾಗುತ್ತೆ. ಪ್ಯಾಂಟು ಜಾಕೆಟ್ಟು ಬೇರೆ ಬೇರೆ ಇರೋದು ಸರಿ.

ಬ್ಯಾಟರಿ ಸೈಕಲ್ ಬಗ್ಗೆ ಕೇಳುವವರು ಜಾಸ್ತಿ. 250 ವ್ಯಾಟ್ ಒಳಗಿನ ಮೋಟಾರು, ಗಂಟೆಗೆ 25 ಕಿಲೋಮೀಟರಿಗೆ ನಿಲ್ಲುವ ವೇಗ ಇದ್ದರೆ ಲೈಸೆನ್ಸು ರಿಜಿಸ್ಟ್ರೇಶನ್ನು ಬೇಡ. ಶಿರಸಿಯವರು ಯೋಚಿಸಬಹುದು. ಆಫೀಸಿನಲ್ಲಿ ಮಾಡಿನ ಕೆಳಗೆ ಜಾಗ ಇಲ್ಲದಿದ್ದರೆ ನಮ್ಮ ಮಳೆಯಲ್ಲಿ ನಾನಂತೂ ತಗೊಳ್ಳೋದಿಲ್ಲ.

ಓಡಿಸಿ ನೋಡುವುದು, ಮನೆಗೆ ತಂದ ಮೇಲೆ

ಅಂಗಡಿ ಎದುರು ಒಂದು ಸುತ್ತು ಹಾಕಿದರೆ ಸಾಲದು. ಹತ್ತು ನಿಮಿಷ ಕೇಳಿ. ಎಲ್ಲಾ ಗೇರೂ ಬದಲಿಸಿ, ಎರಡೂ ಬ್ರೇಕ್ ಬೇರೆ ಬೇರೆ ಹಿಡಿಯಿರಿ, ಒಂದು ಹಂಪ್ ಹತ್ತಿಸಿ. ಆಮೇಲೆ ಚಕ್ರ ಎತ್ತಿ ತಿರುಗಿಸಿ ರಿಮ್ ಓಲಾಡುತ್ತಾ ನೋಡಿ. ಆನ್‌ಲೈನಿನಲ್ಲಿ ತರಿಸೋದಾದರೆ ಡಬ್ಬದಲ್ಲಿ ಅರೆಬರೆ ಜೋಡಿಸಿದ್ದು ಬರುತ್ತೆ. ಊರಿನ ಮೆಕ್ಯಾನಿಕ್‌ಗೆ ಮುನ್ನೂರು ನಾನೂರು ಕೊಟ್ಟು ಕಟ್ಟಿಸಿ, ಅವರ ಪರಿಚಯವೂ ಆದ ಹಾಗಾಯ್ತು, ಪಂಕ್ಚರಾದ ದಿನ ಅದೇ ಉಪಯೋಗಕ್ಕೆ ಬರೋದು.

ಹೊಸ ಕೇಬಲ್ ಎಳೆದುಕೊಳ್ಳುತ್ತೆ, ಹೊಸ ಕಡ್ಡಿ ಸಡಿಲಾಗುತ್ತೆ. ಅದಕ್ಕೇ ತಿಂಗಳಾದ ಮೇಲೆ ಮೊದಲ ಸರ್ವಿಸ್ ತಪ್ಪಿಸಬೇಡಿ. ಮಳೆಗಾಲದಲ್ಲಿ ಮನೆಗೆ ಬಂದ ಕೂಡಲೇ ಬಾವಿ ನೀರು ಒಂದು ಕೊಡ ಸುಮ್ನೆ ಮೇಲಿಂದ ಹೊಯ್ಯಿರಿ, ಜೋರಾಗಿ ಪೈಪಿನಲ್ಲಿ ಬೇರಿಂಗಿಗೆ ಹೊಡೆಯಬೇಡಿ. ಹಳೇ ಪಂಚೆ ತುಂಡಿನಿಂದ ಚೈನು ಒರೆಸಿ, ಕೊಂಡಿಗೆ ಒಂದು ಹನಿ ಚೈನ್ ಎಣ್ಣೆ ಬಿಟ್ಟು, ಪೆಡಲ್ ಹಿಂದಕ್ಕೆ ತಿರುಗಿಸಿ, ಹೊರಗೆ ಉಳಿದದ್ದನ್ನು ಮತ್ತೆ ಒರೆಸಿ. ಕೊಬ್ಬರಿ ಎಣ್ಣೆ ಬೇಡ, ಅಂಟಾಗುತ್ತೆ. ಡಬ್ಲ್ಯೂಡಿ-40 ಅನ್ನುವ ಸ್ಪ್ರೇ ತುಕ್ಕು ಬಿಡಿಸಲಿಕ್ಕೆ ಸರಿ, ಚೈನಿಗೆ ಅದೊಂದೇ ಸಾಲದು.

ಮೊದಲ ಸಲ ಆಫೀಸಿಗೆ ಸೋಮವಾರ ಹೋಗಬೇಡಿ. ಭಾನುವಾರ ಬೆಳಿಗ್ಗೆ ಅದೇ ದಾರಿಯಲ್ಲಿ, ಅದೇ ಬ್ಯಾಗು ಹೇರಿಕೊಂಡು, ಒಮ್ಮೆ ಹೋಗಿ ಬನ್ನಿ. ಎಷ್ಟು ನಿಮಿಷ ಬೇಕು ಅಂತ ತಿಳಿಯುತ್ತೆ. ಹಾಗೇ ವಾಚ್‌ಮನ್ ಹತ್ತಿರ ಮಾತಾಡಿ, ಜೀಪು ನಿಲ್ಲಿಸುವ ಶೆಡ್ಡಿನ ಮೂಲೆಯಲ್ಲಿ ಒಂದು ಸೈಕಲ್ಲಿನ ಜಾಗ ಹೇಳಿಟ್ಟು ಬನ್ನಿ.